ಸಮಪಾಲು ಕಲಿಸಿದ ವಾರ

ನವೆಂಬರ್ 4, ಸೋಮವಾರ

ಕಿತ್ತಳೆ ಆಯಿತು, ಸೇಬು ಆಯಿತು. ಇಂದು ಮಣ್ಣಿನ ಒಲೆಯಲ್ಲಿ ಬೆಂದ ತಬೂನಾ ರೊಟ್ಟಿ. ದುಂಡಗೆ, ಬಿಸಿಯಾಗಿ — ಪುಟ್ಟ ಮಕ್ಕಳಿಗೆ ಅರ್ಧ ಕಲಿಸಲು ಇದಕ್ಕಿಂತ ಇನ್ನೇನು ಬೇಕು. ಶಿಶುವಿಹಾರದ ಹದಿನಾಲ್ಕು ಮಕ್ಕಳು ಸುತ್ತ ಕುಳಿತಿದ್ದವು. "ಎರಡು ತುಂಡು, ಎರಡೂ ಸಮ. ಅದೇ ಅರ್ಧ." ಎಲ್ಲ ಮುರಿದವು. ಗುಫ್ರಾನ್ ಮುರಿದದ್ದು ಮಾತ್ರ ಒಂದು ದೊಡ್ಡದು, ಒಂದು ಪುಟ್ಟದು.

"ಇದು ಅರ್ಧಾನಾ?"

"ಹೂಂ ಟೀಚರ್. ದೊಡ್ಡ ಅರ್ಧ ನಂದು. ಸಣ್ಣ ಅರ್ಧ ಅಮ್ಮಂದು."

"ಅಬ್ಬಾ, ಹೊಟ್ಟೆಬಾಕಿ!"

ನಾನು ತಮಾಷೆಗೆ ಅಂದದ್ದು. ಮಕ್ಕಳು ಹಿಡಿದುಕೊಂಡವು — ಹೊಟ್ಟೆಬಾಕಿ, ಹೊಟ್ಟೆಬಾಕಿ. ನಾನೂ ನಕ್ಕೆ. ಫೋನಿನಲ್ಲಿ ವಿಡಿಯೋ ಓಡುತ್ತಿತ್ತು. ಮಧ್ಯಾಹ್ನ ತಾಯಂದಿರ ಗ್ರೂಪಿಗೆ ಹಾಕಿದೆ. "ನಮ್ಮ ಗಣಿತಜ್ಞೆಯ ಹೊಸ ಲೆಕ್ಕ!" ನಗುವ ಮುಖಗಳ ಸುರಿಮಳೆ. ಖುಷಿಯಾಯಿತು. ಸುಳ್ಳೇಕೆ.

ನವೆಂಬರ್ 5, ಮಂಗಳವಾರ

ಗುಫ್ರಾನ್ ಬರಲಿಲ್ಲ. ಶೀತವಿರಬೇಕು. ಕಾಲುಭಾಗ ಶುರು ಮಾಡಿದೆ.

ನವೆಂಬರ್ 8, ಶುಕ್ರವಾರ

ನಾಲ್ಕನೆಯ ದಿನವೂ ಇಲ್ಲ. ಅಡುಗೆಯ ಮನ್ನೂಬಿಯಾ ಚಿಕ್ಕಮ್ಮ ಗುಫ್ರಾನ್ ಇರುವ ಬೀದಿಯವರು, ಕೇಳಿದೆ.

"ಎಲ್ಲಿ ಬರ್ತಾಳೆ, ವಿಸಾಲ್ ಮಗಳೇ? ಅವಳಮ್ಮ ಸಲೂಹಾ ಬಾದಾಮಿ ಗೋದಾಮಲ್ಲಿ ಕೆಲ್ಸಕ್ಕಿದ್ಳು, ಬೇಸಿಗೇಲೇ ಅದು ಹೋಯ್ತು. ಗಂಡ ಮೊದ್ಲೇ ಇಲ್ಲ. ಎಷ್ಟೋ ದಿನ ಇಬ್ರಿಗೂ ಸೇರಿ ಒಂದೇ ರೊಟ್ಟಿ. ದೊಡ್ಡ ತುಂಡು ಮಗೂಗೆ ಕೊಟ್ಟು 'ಅರ್ಧರ್ಧ ಕಣೇ' ಅಂತಾಳೆ. ಮಗು ತಿನ್ಲಿ ಅಂತ. ಅವಳು ಮುಚ್ಚಿಟ್ಕೊಂಡಿದ್ದು, ಮಗು 'ಸಣ್ಣ ಅರ್ಧ ಅಮ್ಮಂದು' ಅಂದಿದ್ದು ಕೇಳಿ, ನಿನ್ನ ಫೋನಿಂದ ಬೀದಿಗೆಲ್ಲ ಗೊತ್ತಾಯ್ತು."

ಬೆಂದ ಕುಸ್ಕುಸ್ ರವೆಯನ್ನು ಉದುರುದುರಾಗಿ ಬಿಡಿಸುತ್ತಲೇ ಹೇಳಿದರು. ತಲೆ ಎತ್ತಿ ನನ್ನನ್ನು ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ವಿಡಿಯೋ ಅಳಿಸಿದೆ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ನವೆಂಬರ್ 9, ಶನಿವಾರ, ಸಂಜೆ 5

ಅವರ ಮನೆಗೆ ಹೋಗಿದ್ದೆ. ಒಂದು ಚೀಲ ಹಣ್ಣು, ಆಲಿವ್ ಎಣ್ಣೆ... ಬಾಗಿಲಲ್ಲಿ ನಿಂತಾಗಲೇ ಅದೂ ತಪ್ಪು ಅನ್ನಿಸಿತು. ಸಲೂಹಾ ಚೀಲ ಮುಟ್ಟಲಿಲ್ಲ. ಚಹಾ ಮಾತ್ರ ಕೊಟ್ಟಳು.

"ನನ್ನಿಂದ ತಪ್ಪಾಯ್ತು ಸಲೂಹಾ."

"ಪಾಠ ಚೆನ್ನಾಗೇ ಕಲಿಸಿದ್ದೀರಿ ಟೀಚರ್. ಇನ್ನು ಅವಳನ್ನ ಏಮಾರ್ಸೋಕೆ ಆಗಲ್ಲ. ಎರಡೂ ತುಂಡು ಒಂದ್ರ ಮೇಲೊಂದು ಇಟ್ಟು ನೋಡ್ತಾಳೆ. ಜಾಸ್ತಿ ಇದ್ದಷ್ಟು ಕಿತ್ತು ನನ್ನ ಬಾಯಿಗೆ ತುರುಕ್ತಾಳೆ. 'ನಾನು ಹೊಟ್ಟೆಬಾಕಿ ಅಲ್ಲಮ್ಮಾ' ಅಂತಾಳೆ."

ಚಹಾ ಲೋಟ ಕೆಳಗಿಟ್ಟೆ. ಗುಫ್ರಾನ್ ಪರದೆಯ ಹಿಂದೆ ಇದ್ದಳು. ಪಾದಗಳಷ್ಟೇ ಕಾಣುತ್ತಿದ್ದವು. ಕರೆದೆ. ಪಾದಗಳು ಹಿಂದೆ ಸರಿದವು.

ನವೆಂಬರ್ 10, ಭಾನುವಾರ

ಗ್ರೂಪಿನಲ್ಲಿ ಬರೆಯಬೇಕು. ನಾಲ್ಕು ಸಲ ಬರೆದು ಅಳಿಸಿದೆ. ಅವರ ಮನೆಯ ಮಾತನ್ನು ಮತ್ತೆ ಎತ್ತದೆ ಕ್ಷಮೆ ಕೇಳುವುದು ಹೇಗೆ? ಕೊನೆಗೆ ಇಷ್ಟೇ: "ಒಂದು ಮಗುವನ್ನು ನೋಡಿ ನಕ್ಕೆ. ನಿಮ್ಮನ್ನೂ ನಗಿಸಿದೆ. ತಪ್ಪು ನನ್ನದು, ಮಗುವಿನದಲ್ಲ."

ಕಳಿಸಿ ಫೋನ್ ಪಕ್ಕಕ್ಕಿಟ್ಟೆ.

ನವೆಂಬರ್ 14, ಗುರುವಾರ

ಬಂದಳು! ಸಲೂಹಾ ಗೇಟಿನ ಹೊರಗೇ ನಿಂತು ಕಳಿಸಿದಳು.

ಮಕ್ಕಳೆದುರು ಹೇಳಿದೆ — "ಅವತ್ತು ನಾನು ಕೆಟ್ಟ ಮಾತು ಆಡ್ದೆ. ಅದನ್ನ ಇನ್ಮೇಲೆ ಯಾರೂ ಆಡ್ಬಾರ್ದು. ನಾನೂ."

"ಹಾಗಾದ್ರೆ ನೀವು ಮೂಲೇಲಿ ಕೂರ್ಬೇಕು ಟೀಚರ್!" ಕೂಗಿದಳು ಇನ್ನೊಬ್ಬಳು, ದೊರ್ಸಾಫ್.

ಹೋಗಿ ಕೂತೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಗುಫ್ರಾನ್ ನಗಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ನನ್ನ ಪಕ್ಕ ಗೋಡೆಗೆ ಒರಗಿ ಕೂತಳು.

"ಎಷ್ಟೊತ್ತು ಕೂರ್ಬೇಕು?" ಮೆಲ್ಲಗೆ ಕೇಳಿದೆ.

"ಇನ್ನೂ ಸ್ವಲ್ಪ."

ಕಿಟಕಿಯಿಂದ ಗೇಟು ಕಾಣುತ್ತಿತ್ತು. ಸಲೂಹಾ ಇನ್ನೂ ಅಲ್ಲೇ ಇದ್ದಳು, ಸರಳು ಹಿಡಿದುಕೊಂಡು. ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಎದ್ದು ಹೋಗಿ ಮಾತಾಡಿಸಬೇಕೆಂದುಕೊಂಡೆ. ಆದರೆ ಗುಫ್ರಾನಳ ಪುಟ್ಟ ಕೈ ನನ್ನ ತೋಳಿನ ಮೇಲಿತ್ತು; ಅವಳು ಸಾಕು ಅನ್ನುವವರೆಗೆ ಕೂತೇ ಇದ್ದೆ.