ಇಪ್ಪತ್ತನೆಯ ಕಲ್ಲು

ಶಹಾಬಾದ
ರವಿವಾರ, ೧೮ ನವೆಂಬರ್ ೧೯೭೯

ಪ್ರೀತಿಯ ತಾಜು, ನಿನ್ನ ಜಿಲಾನಿಯ ಸಲಾಂ.

ಹೇಗಿದ್ದೀ? ಕಾಳಗಿಯಲ್ಲಿ ಚಳಿ ಬಿದ್ದಿರಬೇಕು, ನಿನ್ನ ಮೊಣಕಾಲು ನೋವು ಈ ದಿನಗಳಲ್ಲೇ ಜಾಸ್ತಿ. ನೀನು ಬಿಟ್ಟುಹೋದ ಎಣ್ಣೆಯ ಶೀಶೆ ಇಲ್ಲೇ ಗೂಡಿನಲ್ಲಿತ್ತು, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಬಕ್ರೀದಿಗೆ ಬರುತ್ತೀ ಎಂದು ಅಮ್ಮಿ ನಿನ್ನ ಹಸಿರು ಸೀರೆ ಒಗೆದು ಇಸ್ತ್ರಿ ಮಾಡಿಸಿ ಇಟ್ಟಿದ್ದಳು. ಬಾರದಿದ್ದುದಕ್ಕೆ ನನಗೆ ಸಿಟ್ಟಿಲ್ಲ. ಹೋದ ತಿಂಗಳು ನಿನ್ನ ಅಣ್ಣ ಬಂದೇಅಲಿ ಭಾಯಿ ಬಜಾರದಲ್ಲಿ ಸಿಕ್ಕಿದ್ದರು. ಮಳೆ ಬೆಳೆ ಎಲ್ಲ ಮಾತಾಡಿದ ಮೇಲೆ ನಿನ್ನ ಸುದ್ದಿ ಹೇಳಿದರು, "ಹಗಲಿನ್ಯಾಗ ಒಂದ್ ಗಳಿಗಿ ಅಡ್ಡಾಗಂಗಿಲ್ಲ ನೋಡ್ರಿ. ಗ್ವಾಡಿಗಿ ಬೆನ್ನ ಸೈತ ಹಚ್ಚಂಗಿಲ್ಲ. ಎಷ್ಟ ಹೇಳಿದ್ರೂ ಕೇಳಂಗಿಲ್ಲ." ಯಾಕೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಹೋದ ವರ್ಷ ರಂಜಾನಿನ ಇಪ್ಪತ್ತೆರಡನೆಯ ದಿನ, ರೋಜಾ ಹಿಡಿದು ದಣಿದಿದ್ದ ನಿನಗೆ ಮಧ್ಯಾಹ್ನದ ನಮಾಜು ಮುಗಿಸಿದ ಮೇಲೆ ಜೋಂಪು ಹತ್ತಿತು. ಅದೇ ಹೊತ್ತಿನಲ್ಲಿ ನಮ್ಮ ಗುಲ್ಶನ್ ಬಾಗಿಲು ದಾಟಿ ಹೋಗಿ ಭಂಕೂರ ದಾರಿಯ ಹಳೆಯ ಖಣಿಯ ನೀರಿಗೆ ಬಿದ್ದಳು. "ನಾ ಮಲಗಬಾರದಿತ್ತು" ಎಂದು ನಲವತ್ತು ದಿನ ಅದೊಂದೇ ಮಾತು ಹೇಳಿದೆ. ನಲವತ್ತನೆಯ ದಿನದ ಚಾಲೀಸವಾಂ ಮುಗಿದ ಮೇಲೆ ಆ ಮಾತನ್ನೂ ಬಿಟ್ಟು ಅಣ್ಣನ ಮನೆಗೆ ಹೋದೆ.

ನಮ್ಮದು ಉರ್ದು ಮನೆ, ಇವನು ಯಾಕೆ ಕನ್ನಡದಲ್ಲಿ ಬರೆದ ಎಂದು ಹುಬ್ಬು ಏರಿಸಬೇಡ. ಉರ್ದುವಿನಲ್ಲಿ ಬರೆದ ಎರಡು ಪತ್ರಗಳನ್ನೂ ಭಾಯಿ ಪಡಸಾಲೆಯಲ್ಲಿ ಕುಳಿತು ಮನೆಮಂದಿಗೆಲ್ಲ ಓದಿ ಹೇಳಿದರಂತೆ. ಕನ್ನಡ ಆ ಮನೆಯಲ್ಲಿ ನಿನಗೊಬ್ಬಳಿಗೇ ಓದಲು ಬರುತ್ತದೆ. ದಂಡೋತಿಯ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತವಳು ನೀನು. ಸಿಟ್ಟು ಬಂದರೆ ನಿನ್ನ ಬಾಯಲ್ಲಿ ಕನ್ನಡವೇ ಬರುವುದು, ಅದನ್ನು ಹತ್ತು ವರ್ಷ ಕೇಳಿದ್ದೇನೆ. ನಿನಗೊಬ್ಬಳಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿದೆ. ಹದಿನೈದು ತಿಂಗಳಿಂದ ಇದೆ. ಅದು ಹೊರಬರಲು ಇನ್ನೂ ಸತಾಯಿಸುತ್ತಿದೆ, ಆದ್ದರಿಂದ ಮೊದಲು ಊರಿನ ಸುದ್ದಿ ಬರೆಯುತ್ತೇನೆ.

ಈ ವರ್ಷ ಮಕ್ಕಳ ವರ್ಷವೆಂದು ಸರಕಾರದಿಂದ ಶಾಲೆಗಳಿಗೆಲ್ಲ ಕಾಗದ ಬಂತು. ಗೋಡೆಗಳ ಮೇಲೆ ಘೋಷಣೆ ಬರೆಸಿ ಎಂದು ಅದರಲ್ಲಿತ್ತಂತೆ. ಹೆಣ್ಣುಮಕ್ಕಳ ಶಾಲೆಯ ಲಲಿತಾಬಾಯಿ ಅಕ್ಕೋರು ನನ್ನನ್ನು ಕರೆಸಿದರು. ಗುಲ್ಶನ್‌ಗೆ ಒಂದನೆಯ ತರಗತಿ ಕಲಿಸಿದವರು ಅವರೇ. ಮಕ್ಕಳನ್ನು ಚೆನ್ನಾಗಿ ಸಾಕಿ ಎಂದು ಹನ್ನೊಂದು ಗೋಡೆಗಳ ಮೇಲೆ ಬರೆದೆ. ಹನ್ನೆರಡನೆಯ ಗೋಡೆಯ ಮುಂದೆ ನಿಂತಾಗ ಕೈ ಓಡಲಿಲ್ಲ. ಚೆನ್ನಾಗಿ ಸಾಕುವುದು ಎಂದರೆ ಏನು ಎಂದು ನನ್ನ ಮೇಲೇ ರೇಗಿತು. ದಿನಕ್ಕೆ ಹತ್ತು ಸಲ ಇದೋ ಅದೋ ಎಂದು ತೀರ್ಮಾನ ಮಾಡುತ್ತೇವೆ, ಅರ್ಧ ಅಡುಗೆ ಒಲೆಯ ಮೇಲಿರುವಾಗ, ಅರ್ಧ ಬೋರ್ಡು ಬರೆದಿರುವಾಗ. ಅದು ಗೋಡೆಯ ಮೇಲೆ ಒಂದು ಸಾಲಿನಲ್ಲಿ ಹಿಡಿಸುವಂಥದ್ದಲ್ಲ. ಅಲ್ಲೇ ನಿಂತು ಅಕ್ಕೋರಿಗೆ ಹೇಳಿದೆ, ಗೋಡೆ ಬೇಡ, ಅಂಗಳ ಕೊಡಿ, ಒಂದು ಆಟ ಮಾಡುತ್ತೇನೆ ಎಂದು. ಅವರು ಆಗಲಿ ಎಂದರು.

ಕಲ್ಲು ಪಾಲಿಶ್ ಮಾಡುವ ವಿಠೋಬಾನ ಬಳಿ ಮೂಲೆ ಮುರಿದ ಫರಸಿ ಕಲ್ಲುಗಳ ರಾಶಿಯೇ ಬಿದ್ದಿತ್ತು. ಐವತ್ತನಾಲ್ಕು ಕಲ್ಲು ಆರಿಸಿಕೊಂಡೆ. ಒಂದೊಂದರ ಮೇಲೂ ಕಥೆಯ ನಾಲ್ಕು ಸಾಲು, ಕೆಳಗೆ ಎರಡು ಬಾಣ. ಹೀಗೆ ಮಾಡುವವರು ಬಲಕ್ಕೆ ಹೋಗಿ, ಹಾಗೆ ಮಾಡುವವರು ಎಡಕ್ಕೆ. ಮೊದಲನೆಯ ಕಲ್ಲಿನಲ್ಲಿ ಮಗು ಹುಟ್ಟುತ್ತದೆ, ಹೆಸರು ಆಡುವವರೇ ಇಡಬೇಕು. ಕೊನೆಯ ಕಲ್ಲಿಗೆ ಅದಕ್ಕೆ ಹದಿನೆಂಟು ತುಂಬುತ್ತದೆ. ನಡುವೆ ಹಾದಿಗಳು ಕೂಡುತ್ತವೆ, ಒಡೆಯುತ್ತವೆ. ಯಾರ ಹಾದಿ ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಿಡಿಯಲು ಮನೆಯ ನೆಲದ ಮೇಲೆಲ್ಲ ಸುಣ್ಣದ ಕಡ್ಡಿಯಿಂದ ಗೀಚಿದ್ದೆ, ಅಮ್ಮಿ ಒಂದು ದಿನ ಒರೆಸಿಬಿಟ್ಟಳು. ಇಬ್ಬರೂ ಒಂದು ಹೊತ್ತು ಮಾತು ಬಿಟ್ಟಿದ್ದೆವು. ಕಥೆಗೆ ನಾನೇನೂ ದೂರ ಹೋಗಲಿಲ್ಲ ತಾಜು. ಮೂರನೆಯ ಕಲ್ಲಿನಲ್ಲಿ ಹೊಟ್ಟೆನೋವಿಗೆ ಅಜವಾನದ ನೀರೋ, ದವಾಖಾನೆಯೋ ಎಂಬ ನಮ್ಮ ಜಗಳವಿದೆ. ಒಂಬತ್ತನೆಯದರಲ್ಲಿ ಕೂಸು ಬಣ್ಣದ ಡಬ್ಬಿಯ ಮುಚ್ಚಳ ನೆಕ್ಕುತ್ತದೆ. ಹದಿನೇಳನೆಯದರಲ್ಲಿ ಉರ್ದು ಶಾಲೆಯೋ ಕನ್ನಡ ಶಾಲೆಯೋ ಎಂಬುದಿದೆ, ಅಲ್ಲಿ ನೀನು ಹೇಳಿದ ಹಾದಿಯ ಮುಂದೆಯೇ ಒಳ್ಳೆಯ ಕಲ್ಲು ಇಟ್ಟಿದ್ದೇನೆ. ಸೋತೆ ಎಂದು ಈಗಲಾದರೂ ಒಪ್ಪಿಕೊಳ್ಳುತ್ತೇನೆ. ನನ್ನ ಬೋರ್ಡುಗಳ ಮೇಲೆ ಅಕ್ಷರದ ಪಕ್ಕದ ಸೊನ್ನೆ ಇಡುವುದು ಗುಲ್ಶನ್‌ಳ ಕೆಲಸವಾಗಿತ್ತಲ್ಲ, ಕಿರುಬೆರಳು ಬಣ್ಣದಲ್ಲಿ ಅದ್ದಿ ಒತ್ತುತ್ತಿದ್ದಳು. ಐವತ್ತನಾಲ್ಕು ಕಲ್ಲು ಬರೆದು ಮುಗಿದಾಗ ಸೊನ್ನೆಗಳೆಲ್ಲ ಹಾಗೇ ಬಾಕಿ ಉಳಿದಿದ್ದವು. ನನಗೆ ತಿಳಿಯದೆಯೇ ಅವಳಿಗೆ ಜಾಗ ಬಿಡುತ್ತಾ ಬಂದಿದ್ದೆ. ಒಂದು ಮಧ್ಯಾಹ್ನ ಕುಳಿತು ಎಲ್ಲ ನಾನೇ ಇಟ್ಟೆ, ಭಾಳ ಅತ್ತೆ.

ಅಕ್ಕೋರು ಬಂದು ಮೊದಲಿನಿಂದ ಕೊನೆಯವರೆಗೆ ಓದಿದರು. ನನ್ನ ಅಕ್ಷರಕ್ಕೆ ಹೆಸರಿಡುವವರು ಈ ತಾಲೂಕಿನಲ್ಲೇ ಇಲ್ಲ, ಆದರೆ ಕಾಗುಣಿತದಲ್ಲಿ ಹದಿನಾಲ್ಕು ತಪ್ಪು ತೆಗೆದರು. ಅದನ್ನು ಸಹಿಸಿಕೊಂಡೆ. ಆಮೇಲೆ ಮೆಲ್ಲಗೆ ಹೇಳಿದರು, "ಸಿಟ್ಟಾಗಬ್ಯಾಡ್ರಿ ಪೇಂಟರ್ ಸಾಹೇಬ್ರ. ಏನ್ ಮಾಡಿದ್ರೂ ಕೂಸು ಹದಿನೆಂಟಕ್ಕ ಮುಟ್ಟೇ ಮುಟ್ತದ. ಹಂಗಿದ್ರ ಮಂದಿ ನಿಂತು ಯಾಕ ವಿಚಾರ ಮಾಡ್ತಾರ?" ಹೌದು, ನಾನು ಹಾಗೆಯೇ ಕಟ್ಟಿದ್ದೆ. ಯಾವ ಹಾದಿ ಹಿಡಿದರೂ ಮಗುವಿಗೆ ಏನೂ ಆಗದಂತೆ, ಅದಕ್ಕೆಂದೇ ಎಲ್ಲ ಬಾಣಗಳನ್ನೂ ಮುಂದಕ್ಕೆ ತಿರುಗಿಸಿದ್ದೆ. ನಿಮಗೇನು ಗೊತ್ತು ಎಂದು ಸೈಕಲ್ ಹತ್ತಿ ಬಂದೆ. ಮೂರು ದಿನ ಆ ಕಡೆ ಹಾಯಲಿಲ್ಲ. ನಾಲ್ಕನೆಯ ದಿನ ಹೋಗಿ, ಏಳನೆಯ ವರ್ಷದ ಹಾದಿಗಳೆಲ್ಲ ಕೂಡುವ ಇಪ್ಪತ್ತನೆಯ ಕಲ್ಲನ್ನು ಟರ್ಪಂಟೈನ್ ಹಾಕಿ ಒರೆಸಿ ಹೊಸದಾಗಿ ಬರೆದೆ. ಅದನ್ನು ಬರೆಯುವಾಗ ಸುಳ್ಳು ಬರೆಯಲು ಆಗಲಿಲ್ಲ. ಹದಿಮೂರನೇ ತಾರೀಖು ಸಂಜೆ ಕಲ್ಲುಗಳನ್ನು ಅಂಗಳದಲ್ಲಿ ಹಾಸುವಾಗ ಮಾತ್ರ ಧೈರ್ಯ ಸಾಲದೆ ಅದೊಂದನ್ನು ಬೋರಲು ಹಾಕಿಬಿಟ್ಟೆ. ಬರೀ ಒರಟು ಕಲ್ಲು ಕಾಣುತ್ತದೆ, ಜನ ದಾಟಿ ಮುಂದೆ ಹೋಗುತ್ತಾರೆ ಎಂದುಕೊಂಡೆ.

ಬುಧವಾರ ಮಕ್ಕಳ ದಿನ. ಊರಿನ ಅರ್ಧ ಜನ ಬಂದಿದ್ದರು. ಅಕ್ಕೋರು ಆಟ ಹೇಗೆಂದು ವಿವರಿಸಿ, ಮೊದಲ ಹೆಜ್ಜೆ ಇಡಲು ಮಠದ ಗುರುಲಿಂಗಯ್ಯನವರನ್ನು ಕರೆದರು. ಮುದುಕರು ಚಪ್ಪಲಿ ಬಿಟ್ಟು ಬಂದರು, ಮೊದಲನೆಯ ಕಲ್ಲಿನ ಮುಂದೆ ಬಗ್ಗಿದರು, ಅಕ್ಷರಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಅಲ್ಲೇ ನಿಂತುಬಿಟ್ಟರು. "ಅಕ್ಷರ ಅದಾವಲ್ಲೋ ತಮ್ಮಾ, ಹ್ಯಾಂಗ ತುಳೀಲಿ?" ಎಂದರು. ನಮ್ಮ ಓಣಿಯ ಹೆಂಗಸರೂ ಸೆರಗು ಎತ್ತಿ ಹಿಡಿದು ಅಂಚಿನಲ್ಲೇ ನಿಂತಿದ್ದರು, ಮಕ್ಕಳನ್ನು ತೋಳು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು. ಇಡೀ ಅಂಗಳದಲ್ಲಿ ಒಬ್ಬರೂ ಕಾಲಿಡಲಿಲ್ಲ. ಇಪ್ಪತ್ತು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಅಕ್ಷರ ಬರೆದವನು ನಾನು. ನೆಲದ ಮೇಲೆ ಬರೆದರೆ ಅದರ ಮೇಲೆ ಕಾಲು ಬೀಳುತ್ತದೆ ಎಂಬುದು ಹೊಳೆಯಲೇ ಇಲ್ಲ. ಮನೆಯಲ್ಲಿ ಹಳೆಯ ಉರ್ದು ಪೇಪರು ನೆಲಕ್ಕೆ ಬಿದ್ದರೆ ನೀನು ಎತ್ತಿ ಗೂಡಿನಲ್ಲಿ ಇಡುತ್ತಿದ್ದೆ. ನೀನಿದ್ದಿದ್ದರೆ ಮೊದಲ ಕಲ್ಲಿಗೇ ನನಗೆ ಬೈದು ಬುದ್ಧಿ ಹೇಳುತ್ತಿದ್ದೆ.

ನಾಚಿಕೆಯಿಂದ ನೆಲ ನೋಡುತ್ತಾ ನಿಂತಿದ್ದಾಗ ವಿಠೋಬಾ ತನ್ನ ಆಳುಗಳನ್ನು ಕರೆದ. ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ನಡುವೆ ಒಬ್ಬರು ನಡೆಯುವಷ್ಟು ಮಣ್ಣಿನ ದಾರಿ ಬಿಟ್ಟು ದೂರ ದೂರ ಇಡುತ್ತಾ ಹೋದರು. ಜನ ಮಣ್ಣಿನಲ್ಲಿ ನಡೆದು, ಬಗ್ಗಿ ಕಲ್ಲು ಓದಿ, ದಾರಿ ಆರಿಸಿಕೊಳ್ಳಬಹುದು. ಎಲ್ಲರೂ ಕೈ ಹಚ್ಚಿದರು. ಅಷ್ಟರಲ್ಲಿ, "ಪೇಂಟರ್ ಸಾಬ್, ಇದೊಂದು ಬೋರಲ ಹಾಕೀರಲ್ರೀ" ಎಂದು ವಿಠೋಬಾ ಕೂಗಿದ. ನಾನು ಬೇಡ ಎನ್ನುವುದರೊಳಗೆ ಇಪ್ಪತ್ತನೆಯ ಕಲ್ಲು ಮುಖ ಮೇಲೆ ಮಾಡಿ ತನ್ನ ಜಾಗದಲ್ಲಿ ಕುಳಿತಿತ್ತು. ಅಕ್ಕೋರು ಅದನ್ನು ಓದಿ ನನ್ನ ಕಡೆ ನೋಡಿದರು.

ಆಮೇಲೆ ಆಟ ನಡೆಯಿತು. ಓದಲು ಬಾರದವರಿಗೆ ಶಾಲೆಯ ಹುಡುಗಿಯರು ಓದಿ ಹೇಳಿದರು. ಗುರುಲಿಂಗಯ್ಯನವರು ತಮ್ಮ ಕೂಸಿಗೆ ಗುರುಲಿಂಗಮ್ಮ ಎಂದು ಹೆಸರಿಟ್ಟು, ಅಜವಾನದ ನೀರು ಕುಡಿಸಿ, ಕನ್ನಡ ಶಾಲೆಗೆ ಹಾಕಿ, ಹದಿನೆಂಟಕ್ಕೆ ಮುಟ್ಟಿಸಿ, ಕೊನೆಯ ಕಲ್ಲಿನ ಪಕ್ಕ ಉಸ್ಸೆಂದು ಕುಳಿತುಕೊಂಡರು. ಅವರಿಗೆ ಮಕ್ಕಳಿಲ್ಲ, ನಿನಗೂ ಗೊತ್ತು. ಹೆಂಗಸರು ಒಬ್ಬರ ತೀರ್ಮಾನಕ್ಕೆ ಇನ್ನೊಬ್ಬರು ನಗುತ್ತಾ, ವಾದ ಮಾಡುತ್ತಾ ಸುತ್ತಿದರು, ಕೆಲವರು ಎರಡನೆಯ ಸಲ ಬೇರೆ ದಾರಿ ಹಿಡಿದು ಬಂದರು. ದಿನಾ ಸಂಜೆ ಇನ್ನೂ ಬರುತ್ತಿದ್ದಾರೆ. ಚಿತ್ತಾಪುರದ ಶಾಲೆಯವರು ತಮಗೂ ಇಂಥದೊಂದು ಬೇಕೆಂದು ಕೇಳಿದ್ದಾರೆ. ನಾನು ಇಪ್ಪತ್ತನೆಯ ಕಲ್ಲಿನ ಹತ್ತಿರ ಬೇವಿನ ಗಿಡದ ಕೆಳಗೆ ಕುಳಿತು, ಅಲ್ಲಿಗೆ ಬಂದವರು ಏನು ಮಾಡುತ್ತಾರೆ ಎಂದು ನೋಡುತ್ತೇನೆ. ಬೇರೆ ಕೆಲಸಕ್ಕೆ ಮನಸ್ಸೇ ಆಗುತ್ತಿಲ್ಲ.

ಮನೆಗೆ ಬಾ ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ. ಹಾಗೆ ಕೇಳುವ ಮೊದಲು ನಿನಗೆ ಗೊತ್ತಾಗಬೇಕಾದದ್ದು ಒಂದಿದೆ, ಅದು ಗೊತ್ತಾದ ಮೇಲೆ ನೀನು ಬಾರದೆಯೂ ಇರಬಹುದು. ಆ ಹೆದರಿಕೆಗೇ ಇಷ್ಟು ದಿನ ಬಾಯಿ ಮುಚ್ಚಿಕೊಂಡೆ. ಪತ್ರ ಮುಗಿಯುತ್ತಾ ಬಂತು, ಇನ್ನೂ ಬರೆದಿಲ್ಲ ನೋಡು, ಎಂಥ ಮನುಷ್ಯ ನಾನು. ಅಮ್ಮಿ ನಿನಗೆ ದುವಾ ಹೇಳಿದ್ದಾಳೆ, ಹಸಿರು ಸೀರೆ ಇನ್ನೂ ಹೊರಗೇ ಇಟ್ಟುಕೊಂಡಿದ್ದಾಳೆ. ಭಾಯಿಗೆ, ಭಾಬಿಗೆ ನನ್ನ ಸಲಾಂ ತಿಳಿಸು. ಅಲ್ಲಾಹ ನಿನ್ನ ಮೊಣಕಾಲಿಗೂ ಮನಸ್ಸಿಗೂ ಆರಾಮ ಕೊಡಲಿ.

ಗುಲ್ಶನ್‌ಳ ಅಬ್ಬಾ,
ಜಿಲಾನಿ

ತಾ.ಕ.: ಬಸ್ ಸ್ಟ್ಯಾಂಡಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಕಾಳಗಿ ಬಸ್ಸಿನ ಕಂಡಕ್ಟರ್ ಮಶಾಕ ಇದನ್ನು ನಿನ್ನ ಕೈಗೇ ಕೊಡುತ್ತಾನೆ, ಅವನು ಆಗಲೇ ಸೀಟಿ ಊದಲು ನಿಂತಿದ್ದಾನೆ. ಇಪ್ಪತ್ತನೆಯ ಕಲ್ಲಿನ ಮೇಲೆ ಬರೆದದ್ದು ಇದು. ಮಗು ದಾರಿಯಲ್ಲಿ ಒಂಟಿಯಾಗಿ ಸಿಕ್ಕಿತು. ನೀರಿನಲ್ಲಿ ಮೀನು ನೋಡಲು ಹೊರಟಿದೆ. ನಿಮಗೆ ಕೆಲಸಕ್ಕೆ ತಡವಾಗಿದೆ. ಸೈಕಲ್ ಇಳಿಯುವವರು ಬಲಕ್ಕೆ ಹೋಗಿ, ಇಳಿಯದವರು ಎಡಕ್ಕೆ. ಎಡಕ್ಕೆ ಕಲ್ಲು ಇಟ್ಟಿಲ್ಲ, ಬರೀ ಮಣ್ಣು. ತಾಜು, ಅವತ್ತು ಅವಳು ನನಗೆ ಸಿಕ್ಕಿದ್ದಳು. ಭಂಕೂರ ದಾರಿಯ ತಿರುವಿನಲ್ಲಿ. ಗಿರಣಿಯ ಬೋರ್ಡು ಬರೆಯಲು ಹೊರಟಿದ್ದೆ, ಹ್ಯಾಂಡಲಿಗೆ ಬಣ್ಣದ ಡಬ್ಬಿಗಳಿದ್ದವು. "ಅಬ್ಬಾ, ಮೀನ ನೋಡಿ ಬರ್ತೀನಿ" ಅಂದಳು. "ಲಗೂ ಬಾ" ಅಂದೆ. ಒಂದು ಕಾಲನ್ನೂ ನೆಲಕ್ಕೆ ಊರಲಿಲ್ಲ. ನೀನು ನಿದ್ದೆಯಲ್ಲಿದ್ದೆ, ನಾನು ಎಚ್ಚರವಿದ್ದೆ. ನಿನ್ನನ್ನು ನೀನು ಬೈದುಕೊಳ್ಳುವಾಗ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡೆ. ನಿನ್ನೆಯವರೆಗೆ ಎಪ್ಪತ್ತಮೂರು ಜನ ಆಡಿದ್ದಾರೆ, ನಾನೇ ಎಣಿಸಿದ್ದೇನೆ. ಎಲ್ಲರೂ ಸೈಕಲ್ ಇಳಿದರು. ನನ್ನ ಮುಖ ನೋಡುವ ಮನಸ್ಸಾಗದಿದ್ದರೆ ಬರಬೇಡ. ಈ ಬಸ್ಸು ಕಾಳಗಿ ಮುಟ್ಟುವಾಗ ಮಧ್ಯಾಹ್ನವಾಗಿರುತ್ತದೆ, ಓದಿದ ಮೇಲೆ ಒಂದು ಗಳಿಗೆ ಅಡ್ಡಾಗು.