ಒಳಗೆ ಬಿಟ್ಟ ಬಟ್ಟೆ

೧೮ ಜುಲೈ, ಗುರುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಎರಡು ಪತ್ರಕ್ಕೂ ಉತ್ತರವಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ. ಬೈಯಿ, ಆದರೆ ಪೂರ್ತಿ ಓದಿದ ಮೇಲೆ ಬೈಯಿ. ಶಾಲೆ ಶುರುವಾಯಿತಲ್ಲ, ಅಂಗಡಿ ತುಂಬ ಸಮವಸ್ತ್ರ, ಮೆಷಿನ್ನಿಂದ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ ನನಗೆ ಭಯ ಅಕ್ಕಾ.

ಹೋದ ವರ್ಷ ಆಸ್ಪತ್ರೆಯವರು ನಮ್ಮ ಬಡಾವಣೆಯ ಮನೆಮನೆಗೂ ಬಂದು ತೂಕ ನೋಡಿ, ರಕ್ತ ತೆಗೆದುಕೊಂಡು ಹೋಗಿದ್ದರು. ಈ ಕಡೆಯವರು ಯಾಕೆ ಇಷ್ಟು ದಪ್ಪ ಅಂತ ಸಂಶೋಧನೆಯಂತೆ. ಹೋದ ತಿಂಗಳು ಕರೆಸಿದ್ದರು. ಡಾಕ್ಟರಮ್ಮ ಒಳ್ಳೆಯವರು, ಕೂರಿಸಿ ಹೇಳಿದರು: "ಇಲ್ಲಿಯ ತುಂಬ ಜನರಲ್ಲಿ ಒಂದು ಜೀನ್ ಸ್ವಲ್ಪ ಬೇರೆ ಥರ ಇದೆ. ಅಂಥವರಿಗೆ ಹಸಿವು ಜಾಸ್ತಿ, ಹೊಟ್ಟೆ ತುಂಬಿದ್ದು ಬೇಗ ಗೊತ್ತಾಗಲ್ಲ. ನಿಮಗೂ ಇದೆ, ಮಗಳಿಗೂ ಇದೆ." ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಗಾಬರಿಯಾಗ್ಬೇಡಿ, ಇದು ಸಾವಿರಾರು ಜನರ ಲೆಕ್ಕ. ನಿಮ್ಮ ಮಗು ಹೀಗೇ ಆಗ್ತಾಳೆ ಅಂತ ಇದು ಹೇಳಲ್ಲ" ಅಂತಲೂ ಅಂದರು. ಯಾರು ಕೇಳಿಸಿಕೊಂಡರು? ನನ್ನ ಕಣ್ಣ ಮುಂದೆ ಅಪ್ಪ ಇದ್ದರು. ಮಹಡಿಯಲ್ಲಿ ಉಸಿರು ಸಿಗದೆ ಒದ್ದಾಡುತ್ತಿದ್ದ ಅಪ್ಪ. ಆ ಭಾರವನ್ನು ಇಕ್ಕಟ್ಟಿನ ಮೆಟ್ಟಿಲಲ್ಲಿ ಇಳಿಸಲಾಗದೆ ಬೀದಿಯವರೆಲ್ಲ ಕೂಗಾಡಿದ್ದು, ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದದ್ದು.

ಹೊಲಿಗೆ ಕಲಿಸುವಾಗ ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಾ? "ನಮ್ಮೋರಿಗೆ ಹೊಲಿಯೋವಾಗ ಒಳಗೆ ಎರಡಿಂಚು ಬಟ್ಟೆ ಬಿಡ್ರೇ, ಮುಂದಿನ ವರ್ಷ ಬಿಚ್ಚಿ ಸಡಿಲ ಮಾಡೋಕೆ ಬೇಕಾಗತ್ತೆ." ಈಗಲೂ ಹಾಗೇ ಬಿಡುತ್ತೇನೆ.

ಪುಟ್ಟಿಗೆ ಈಗ ಒಂಬತ್ತು. ಆಸ್ಪತ್ರೆಗೆ ಹೋಗಿಬಂದ ದಿನದಿಂದ ನನ್ನ ಟೇಪು ಅವಳ ಸೊಂಟ ಬಿಟ್ಟಿಲ್ಲ. ಬೆಳಿಗ್ಗೆ ಎದ್ದ ಕೂಡಲೇ "ಬಾ ಇಲ್ಲಿ, ಉಸಿರು ಬಿಡು." ಊಟಕ್ಕೆ ಕೂತು ಇನ್ನೊಂದು ಸಲ ತಟ್ಟೆ ಚಾಚಿದರೆ ಪಾತ್ರೆಯನ್ನೇ ಎತ್ತಿಡುತ್ತೇನೆ. ಇವರು ರೇಗಿದರು: "ಮಗೂನ ಸಾಕ್ತಿದ್ದೀಯಾ, ಕಾವಲು ಕಾಯ್ತಿದ್ದೀಯಾ?" ನನಗೂ ಪಿತ್ತ ನೆತ್ತಿಗೇರಿತು. "ನಿಮ್ಮ ಮನೆಯೋರೆಲ್ಲ ಕಡ್ಡಿ, ನಿಮಗೇನ್ ಗೊತ್ತು? ಅಪ್ಪನ್ನ ಇಳಿಸಿದ ಹಾಗೆ ನಾಳೆ ಇವಳನ್ನೂ ಇಳಿಸ್ಬೇಕಾ?" ಅಂತ ಕಿರುಚಿದೆ. ಪುಟ್ಟಿ ಬಾಗಿಲ ಹಿಂದೆಯೇ ನಿಂತಿದ್ದಳು.

ಅದಾದ ಮೇಲೆ ಅವಳ ಸೊಂಟದ ಅಳತೆ ಇಳಿಯುತ್ತ ಬಂದಿದೆ. ಸದ್ಯ, ಬದುಕಿದೆ ಅಂದುಕೊಂಡೆ. ನೀನೂ ರಕ್ತ ಕೊಟ್ಟು ನೋಡು ಅಂತ ಹೇಳಬೇಕೋ ಬೇಡವೋ ತಿಳಿಯದು.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ. ಹೊಟ್ಟೆ ತುಂಬ ಉಂಡು, ಬಾಗಿಲಿಗೆ ತಲೆ ತಾಗುವಷ್ಟು ಬೆಳೆಯಲಿ.

ನಿನ್ನ ತಂಗಿ,
ಗುಂಡು (ನೀನೇ ಇಟ್ಟ ಹೆಸರು)

ಮತ್ತೆ: ಮೇಲಿನದನ್ನು ಮುಗಿಸಿ, ಪುಟ್ಟಿಯ ಸಮವಸ್ತ್ರ ಇಸ್ತ್ರಿ ಮಾಡಲು ಒಳಮಗ್ಗುಲು ತಿರುಗಿಸಿದೆ. ನಾನು ಬಿಟ್ಟಿದ್ದ ಎರಡಿಂಚು ಇಲ್ಲ! ಹೊಲಿಗೆಯ ಅಂಚಿಗೇ ಕತ್ತರಿಸಿ ಹಾಕಿದ್ದಾಳೆ, ಎಳೆ ಬಿಟ್ಟುಕೊಳ್ಳುತ್ತಿದೆ. ಬೀರುವಿನಲ್ಲಿರುವ ಅವಳ ಬಟ್ಟೆಗಳೆಲ್ಲ ಹಾಗೇ. ಕೇಳಿದರೆ, "ಇನ್ಮೇಲೆ ಬಿಚ್ಚೋಕೆ ಆಗಲ್ಲ ಅಲ್ವಾಮ್ಮ? ನಾನು ಇಷ್ಟೇ ಇರ್ತೀನಿ. ಊಟದ ಡಬ್ಬೀನ ದಿನಾ ಗೆಳತಿಗೆ ಕೊಟ್ಬಿಡ್ತೀನಿ, ನಂಗೆ ಹಸಿವೇ ಆಗಲ್ಲ" ಅಂದಳು. ಈಗ ತಟ್ಟೆ ತುಂಬ ಬಡಿಸಿ ಮುಂದೆ ಇಟ್ಟಿದ್ದೇನೆ. ಮುಟ್ಟುತ್ತಿಲ್ಲ ಅಕ್ಕಾ, ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಪತ್ರ ಕೈಸೇರಿದ ದಿನವೇ ಹೊರಟು ಬಾ. ನೀನು ಬಡಿಸಿದರೆ ತಿಂದಾಳು.