ಧೂಳಿನಲ್ಲಿ ಬರೆದ ಹೆಸರು

ಸುಗರಾ,

ನೀನು ಬಾವಿಯಿಂದ ಬರುವಷ್ಟರಲ್ಲಿ ನಾನು ಮೋಟಾರನ್ನು ಇಲ್ಲೇ ಬಿಟ್ಟು ಸಾಹುಕಾರರ ಮನೆಗೆ ಹೊರಟಿರುತ್ತೇನೆ.

ಅಣಶಿ ಘಟ್ಟದಲ್ಲಿ ಗಾಡಿ ಓಡಿಸುವ ನನಗೆ ಕಾವಲಿರಲೆಂದು ನಿನ್ನೆ ನೀನು ಅವರ ಮೋಟಾರಿನ ಬಾನೆಟ್ಟಿನ ಧೂಳಿನಲ್ಲಿ ಬೆರಳಿನಿಂದ ‘ಅಲ್ಲಾ’ ಎಂದು ಬರೆದೆ. “ಧೂಳದಾಗ ಬರದದ್ದು ಎಷ್ಟ್ ಹೊತ್ತು ಇರ್ತೈತ್ರಿ?” ಎಂದು ನೀನೇ ನಕ್ಕೆ. ಈಗ ನಾನು ತೊಳೆಯಲೆಂದು ನೀರು ಸುರಿದೆ. ಧೂಳು ಹೋಯಿತು, ಹೆಸರು ಹೋಗಲಿಲ್ಲ! ಧೂಳಿನೊಳಗಿನ ಮರಳು ಕಪ್ಪು ಬಣ್ಣವನ್ನೇ ಗೀರಿಬಿಟ್ಟಿದೆ.

ಮೋಟಾರಿನ ಉಳಿದ ಭಾಗವನ್ನು ಒಣ ಬಟ್ಟೆಯಿಂದ ಒರೆಸಬೇಡ. ಮೊದಲು ಮೇಲಿನಿಂದ ನೀರು ಬಿಡು. ಧೂಳೆಲ್ಲ ಇಳಿದ ಮೇಲೆ ಮೆತ್ತನೆಯ ಹಸಿ ಬಟ್ಟೆ ಆಡಿಸು, ಅದನ್ನು ಆಗಾಗ ತೊಳೆದುಕೊ.

ಆ ಹೆಸರನ್ನು ಉಜ್ಜಿ ಅಳಿಸಲು ನನಗೆ ಕೈ ಬರಲಿಲ್ಲ. ಸಾಹುಕಾರರಿಗೆ ನಾನೇ ಹೇಳುತ್ತೇನೆ. ನೌಕರಿ ಹೋದರೂ ಅಳಬೇಡ. ಮದುವೆಯಾದ ಮೇಲೆ ನಾನು ನಿನಗೆ ಕಲಿಸಿದ ಅಕ್ಷರ ದುಂಡಗೆ ಬಂದಿದೆ.

ಸುಭಾನಿ